ಎದುರುಮನೆಯವಳ ಜೊತೆ ಪಂದ್ಯ

ಮದುವೆಯಾಗಿ ಮೈಸೂರಿನಿಂದ ಬೊಂಬಾಯಿಯ ಘಾಟ್ಕೋಪರಿಗೆ ಬಂದ ಮೊದಲ ವರ್ಷ, ಮಾತಾಡುವುದೇ ಮರೆತುಹೋಗುತ್ತದೇನೋ ಎಂದು ಹೆದರಿದ್ದೆ. ಗಂಡ ಬೆಳಿಗ್ಗೆ ಲೋಕಲ್ ಹಿಡಿದು ಪರೇಲಿನ ಆಫೀಸಿಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದರು. ಬಂದವರು ಪೇಪರಿನೊಳಗೆ ಮುಖ ಹುದುಗಿಸಿಬಿಡುತ್ತಿದ್ದರು. ಬಿಲ್ಡಿಂಗ್ ತುಂಬ ಗುಜರಾತಿಗಳು. ನನ್ನ ಹಿಂದಿ ತರಕಾರಿಯವನ ಜೊತೆ ಚೌಕಾಸಿಗೂ ಸಾಲುತ್ತಿರಲಿಲ್ಲ. ಹಾಳು ಮಧ್ಯಾಹ್ನಗಳು, ಮುಗಿಯುತ್ತಲೇ ಇರಲಿಲ್ಲ!

ಎದುರುಮನೆಯಲ್ಲಿ ನನ್ನದೇ ವಯಸ್ಸಿನ ಗುಜರಾತಿ ಹೆಂಗಸೊಬ್ಬಳಿದ್ದಳು. ಅವಳ ಅಣ್ಣ ದುಬೈಯಿಂದ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದುಕೊಟ್ಟಿದ್ದ. ಪರದೆಯ ಆ ಕಡೆ ಒಂದು ಪಟ್ಟಿ, ಈ ಕಡೆ ಒಂದು ಪಟ್ಟಿ, ನಡುವೆ ಓಡಾಡುವ ಚುಕ್ಕೆಯೇ ಚೆಂಡು. ಆಡಲು ಜೊತೆಯಿಲ್ಲದೆ ಒಂದು ದಿನ ಅವಳು ನನ್ನನ್ನು ಎಳೆದುಕೊಂಡು ಹೋದಳು. ಭಾಷೆ ಬೇಕಾಗಲೇ ಇಲ್ಲ. ಅವಳು ಗೆದ್ದರೆ ನಾಲಿಗೆ ಚಾಚಿ ಅಣಕಿಸುವಳು, ನಾನು ಗೆದ್ದರೆ "ಹೆಂಗೆ?" ಎಂದು ಕನ್ನಡದಲ್ಲೇ ಹುಬ್ಬು ಹಾರಿಸುವೆ. ಕೊನೆಯ ಪಾಯಿಂಟ್ ಬಂತೆಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಅಂಗೈ ಬೆವರಿ ತಣ್ಣಗಾಗುತ್ತಿತ್ತು, ಬಾಯಿ ಒಣಗುತ್ತಿತ್ತು. ಆಟ ಮುಗಿದು ಎಷ್ಟೋ ಹೊತ್ತಾದರೂ ಊಟ ಸೇರುತ್ತಿರಲಿಲ್ಲ. ಅಷ್ಟು ಸುಖ ನನಗೆ ಬೊಂಬಾಯಿಯಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ.

ಒಂದು ಶನಿವಾರ ಗಂಡ ಬೇಗ ಬಂದರು. ಆಗಷ್ಟೇ ಸೋತು ಬಂದಿದ್ದ ನನ್ನ ಕೈ ಮುಟ್ಟಿ, "ಏನೇ ಇದು, ಐಸಾಗಿದೆ? ಊಟಾನೂ ಮಾಡಿಲ್ಲ. ಏನಾದ್ರೂ ವಿಶೇಷಾನಾ?" ಎಂದರು. ಮುಖ ಊರಗಲವಾಗಿತ್ತು. ಅದನ್ನು ನೋಡಿ, ಅಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಕನ್ನಡದ ಡಾಕ್ಟರೇ ಆಗಬೇಕೆಂದು ಮಾಟುಂಗಕ್ಕೆ ಕರೆದುಕೊಂಡು ಹೋದರು.

ಉಡುಪಿ ಕಡೆಯ ಆ ಡಾಕ್ಟರು ಪರೀಕ್ಷೆ ಮಾಡಿ, ವಿಶೇಷವೂ ಇಲ್ಲ, ಕಾಯಿಲೆಯೂ ಇಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಧ್ಯಾಹ್ನ ಎಂತ ಮಾಡುವುದು ನೀವು?" ಎಂದು ಕೇಳಿದರು. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎದುರಿಗೆ ಹುಲಿ ಬಂದ್ರೂ ಪಂದ್ಯ ಬಂದ್ರೂ ಶರೀರಕ್ಕೆ ಒಂದೇ ಮಾರಾಯ್ರೆ. ಓಡ್ಲಿಕ್ಕೋ ಹೊಡೀಲಿಕ್ಕೋ ರೆಡಿ ಆಗ್ತದೆ. ಆಗ ಹಸಿವು ಗಿಸಿವು ಎಲ್ಲ ಬದಿಗೆ. ಆಟ ಬಿಟ್ರೆ ಸರಿಯಾಗ್ತದೆ."

ಗಂಡ ಡಾಕ್ಟರ ಫೀಸು ಕೊಟ್ಟು ಸರಸರನೆ ಹೊರಟರು. ಪಾಪ, ಅವರಿಗೂ ನಿರಾಸೆಯೇ. ಮನೆಗೆ ಬಂದವರೇ "ಇನ್ನು ಆ ಆಟ ಬೇಡ" ಎಂದರು. ಬಿಡುತ್ತೇನೆಯೇ ನಾನು? ಅವರು ಬರುವ ಮುಂಚೆ ಮುಖ ತೊಳೆದು, ಏನೂ ತಿಳಿಯದವಳಂತೆ ಕೂರುವುದನ್ನು ಕಲಿತೆ.

ಆದರೆ ದೀಪಾವಳಿ ಕಳೆದ ಮೇಲೆ ಅವಳ ಸಂಸಾರವೇ ಬೊರಿವಲಿಯ ದೊಡ್ಡ ಫ್ಲ್ಯಾಟಿಗೆ ಹೊರಟಿತು. ಹೊರಡುವಾಗ ಆ ಗೇಮನ್ನು ನನ್ನ ಕೈಗಿಟ್ಟು ಅತ್ತಳು. ನಾನೂ ಅತ್ತೆ. ಮಾರನೆಯ ದಿನ ಅದನ್ನು ನಮ್ಮ ಟಿವಿಗೆ ಸಿಕ್ಕಿಸಿ ಆ ಕಡೆಯ ಪಟ್ಟಿಯನ್ನು ಮಿಷನ್ನಿಗೇ ಬಿಟ್ಟು ಒಬ್ಬಳೇ ಆಡಿದೆ. ಗೆದ್ದೆ. ಮತ್ತೆ ಗೆದ್ದೆ. ಅಂಗೈ ಒಣಗಿಯೇ ಇತ್ತು. ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ, ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಎದ್ದು ಹೋಗಿ ಊಟ ಬಡಿಸಿಕೊಂಡೆ.

ಆ ವಾರವೆಲ್ಲ ನನ್ನನ್ನು ಗಮನಿಸುತ್ತಿದ್ದ ಗಂಡ ಒಂದು ಸಂಜೆ ಪೇಪರ್ ಕೆಳಗಿಟ್ಟು, "ಆಟ ಬಿಟ್ಟಿದ್ದೇ ಒಳ್ಳೇದಾಯ್ತು ನೋಡು. ಈಗ ಪೂರ್ತಿ ವಾಸಿಯಾಯ್ತಲ್ಲ?" ಎಂದರು.

"ಹೂಂ ರೀ," ಎಂದೆ, "ಪೂರ್ತಿ."