ಆಕಾಶದಿಂದ ಇಳದ ಬಿದಿರಿನ ಪಂಜರ

ಅಂಜುಬುರುಕಿ ಅಂತ ನನ್ನ ಯಾರು ಬೇಕಾದ್ರೂ ಅಂದ್ಕೊಳ್ರಿ, ಸಿಟ್ಟಾಗಂಗಿಲ್ಲ. ಈಗಿನವರು ಟಿವ್ಯಾಗ ರಾಕೆಟ್ ಹಾರೋದು ನೋಡಿ ಚಪ್ಪಾಳಿ ಹೊಡೀತಾರ. ಹಾರಿದ್ದು ಒಂದು ನಿಮ್ಮ ತಲಿ ಮ್ಯಾಲೆ ಇಳದು ಬಂದಿದ್ರ ಗೊತ್ತಾಗ್ತಿತ್ತು! ನನ್ನ ಮುಂದ ಇಳದು ಬಂದಿತ್ತು. ನಿಜಾಮನ ರಾಜ್ಯ, ಜರ್ಮನಿ-ಜಪಾನಿನ ಮ್ಯಾಲೆ ಇಂಗ್ಲಿಷರ ಯುದ್ಧ ನಡದಿದ್ದ ಕಾಲ. ಮಸ್ಕಿ ಹತ್ತಿರದ ಒಂದು ಹಳ್ಳಿಗೆ ನಾ ಸೊಸಿಯಾಗಿ ಬಂದು ಆರು ತಿಂಗಳಾಗಿತ್ತು.

ನಮ್ಮ ಮಾವ ಊರ ತಳವಾರ. ಎದಿ ಮ್ಯಾಲೆ ಹಿತ್ತಾಳಿ ಬಿಲ್ಲೆ, ಕೈಯಾಗ ಕೋಲು. ಊರಾಗ ಕಳುವಾಗಲಿ, ಹೆಣ ಬೀಳಲಿ, ಕಚೇರಿಗೆ ಹೋಗಿ ತಿಳಿಸೋದು ಅವರ ಕೆಲಸ. ಆ ತಳವಾರಕಿ ಮ್ಯಾಲೇ ಮನಿ ನಡೀತಿತ್ತು. ನನ್ನ ಗಂಡ ಹಟ್ಟಿ ಬಂಗಾರದ ಗಣಿಯಾಗ ದುಡೀತಿದ್ದ, ಅಮಾಸಿಗೊಮ್ಮೆ ಬರ್ತಿದ್ದ. ಅತ್ತಿ ಬಾಯಿ ಅಂದ್ರ ಬಾಯಿ. ದಿನಾ ಮುಂಜಾನೆ ನನಗ ಬೈಗುಳದ ನಾಷ್ಟಾ.

ಅವತ್ತು ಎರಿ ಹೊಲದಾಗ ಹತ್ತಿ ಬಿಡಸಾಕತ್ತಿದ್ವಿ. ನಡು ಮಧ್ಯಾಹ್ನ. "ಯವ್ವಾ!" ಅಂತ ಒಬ್ಬಾಕಿ ಚೀರಿದ್ಲು. ನೋಡ್ತೀನಿ, ಮ್ಯಾಲಿಂದ ಏನೋ ತಿರುಗ್ಕೋತ ತಿರುಗ್ಕೋತ ಇಳ್ಯಾಕತ್ತೈತಿ. ನನ್ನಿಂದ ಹತ್ತು ಮಾರು ದೂರದ ಜಾಲಿ ಗಿಡಕ್ಕ ಬಂದು ಸಿಕ್ಕೊಂತು. ಹರದ ರಬ್ಬರು ಕುರಿ ಕರುಳಿನಂಗ ಜೋತಾಡ್ತಿತ್ತು. ಅದರ ಕೆಳಗ ದಾರಕ್ಕ ಕಟ್ಟಿದ ಬಿದಿರಿನ ಪಂಜರ, ಪಂಜರದಾಗ ಮುಷ್ಟಿಯಷ್ಟು ತಗಡಿನ ಡಬ್ಬಿ. ಸಮುದ್ರದ ದಂಡಿ ಊರಾಗ ಬಾಂಬ್ ಬಿದ್ದಾವಂತ ತೆಲುಗು ವ್ಯಾಪಾರಿಗಳು ಸಿಂಧನೂರು ಸಂತ್ಯಾಗ ಹೇಳಿದ್ದು ಎಲ್ಲಾರ ಕಿವ್ಯಾಗಿತ್ತು. "ಬಾಂಬ್!" ಅಂದದ್ದೇ ತಡ, ಉಡಿಯಾಗಿನ ಹತ್ತಿ ಚೆಲ್ಲಿ ಎಲ್ಲಾರೂ ಓಡಿದ್ರು. ನನ್ನ ಕಾಲು ಮಾತ್ರ ಕೀಳಲೇ ಇಲ್ಲ.

ಮಾವ ಬಂದು, ಎಲ್ಲಾರನ್ನೂ ದೂರ ಸರಿಸಿ, ಒಬ್ಬರೇ ಗಿಡ ಏರಿ ಅದನ್ನ ಇಳಿಸಿದ್ರು. ಪಂಜರಕ್ಕ ಒಂದು ಚೀಟಿ ಕಟ್ಟಿತ್ತು. ಊರ ಸಾಲಿ ಉರ್ದು ಮಾಸ್ತರರು ಹತ್ತಿರ ಬರಲಿಲ್ಲ, "ಚೀಟಿ ಅಷ್ಟೇ ಬಿಚ್ಚಿ ತರ್ರಿ" ಅಂದು ದೂರ ನಿಂತೇ ಓದಿದ್ರು. ಸರಕಾರಿ ಸಾಮಾನು, ಡಬ್ಬಿ ತೆರೀಬ್ಯಾಡ್ರಿ, ಹತ್ತಿರದ ಕಚೇರಿಗೆ ತಿಳಸ್ರಿ, ಇದರಿಂದ ಅಪಾಯ ಇಲ್ಲ ಅಂತ ಬರದಿತ್ತು.

"ಅಪಾಯ ಇಲ್ಲಂದ ಮ್ಯಾಲೆ ಅದನ್ಯಾಕ ಬರೀಬೇಕ್ರಿ?" ಅಂದ್ಲು ನಮ್ಮತ್ತಿ. ಅತ್ತಿ ಮಾತು ನನಗ ಖರೇ ಅನಿಸಿದ್ದು ಅದೇ ಮೊದಲು.

ಲಿಂಗಸೂಗೂರು ಕಚೇರಿಗೆ ಸುದ್ದಿ ಮುಟ್ಟಿತು. ಹೈದರಾಬಾದಿನಿಂದ ಸಾಹೇಬರು ಬರ್ತಾರ, ಅಲ್ಲೀತನಕ ಜ್ವಾಕಿ ಮಾಡು, ಏನರ ಹೆಚ್ಚುಕಡಿಮಿ ಆದ್ರ ನಿನ್ನ ತಳವಾರಕಿ ಹೋತಂತ ತಿಳಕೋ ಅಂತ ಮಾವಗ ಹುಕುಂ ಬಂತು. ಚಾವಡಿಯಾಗ ಇಡಾಕ ಊರವರು ಒಪ್ಪಲಿಲ್ಲ. ಕಡೀಕ ನಮ್ಮ ಪಡಸಾಲಿ ಗೂಟಕ್ಕ ಅದು ಜೋತುಬಿತ್ತು. ಅತ್ತಿ ಒಲಿ ಅಂಗಳಕ್ಕ ಹಾಕಿದ್ಲು. ಪಡಸಾಲಿ ದಾಟುವಾಗ ನಾ ಉಸಿರು ಬಿಗಿಹಿಡದು ಓಡ್ತಿದ್ದೆ. ರೊಟ್ಟಿ ಬಡಿಯೋ ಸಪ್ಪಳಕ್ಕೂ ಎದಿ ಧಸಕ್ ಅಂತಿತ್ತು.

ಅಮಾಸಿ ಹತ್ತಿರ ಬಂತು. ಗಂಡ ಬಂದ್ರ ಅದೇ ಪಡಸಾಲ್ಯಾಗ ಮಲಗಾಂವ. ಬಾಯಾಗಿನ ಬೀಡಿ ಆರಿಸದ ಮನಷ್ಯಾ ಬ್ಯಾರೆ! ನನಗ ಅನ್ನ ಇಳೀಲಿಲ್ಲ. ಗಣ್ಯಾಗ ಮದ್ದಿಟ್ಟು ಬಂಡಗಲ್ಲು ಸಿಡಿಸೋ ಸುದ್ದಿ ಹೇಳುವಾಗ ಅವ ಒಮ್ಮೆ ಅಂದಿದ್ದ, "ಎಂಥಾ ಮದ್ದಾದ್ರೂ ನೀರು ಕುಡೀತಂದ್ರ ಸತ್ತಂಗ." ಅದೇ ಮಾತು ತಲ್ಯಾಗ ಕುಂತುಬಿಡ್ತು.

ಅಮಾಸಿ ಹಿಂದಿನ ದಿನ ಮಾವ ಊರ ಕೆಲಸಕ್ಕ ಹೋಗಿದ್ರು. "ನೀವು ಮುಂದ ನಡೀರಿ, ನಾ ಬರ್ತೀನಿ" ಅಂತ ಅತ್ತೀನ್ನ ಹೊಲಕ್ಕ ಕಳಿಸಿದೆ. ಪಂಜರ ಇಳಿಸಿ ಹಿತ್ತಲಕ್ಕ ಒಯ್ದೆ. ಮನಿದೇವರನ್ನ ನೆನಸಿ ಡಬ್ಬಿ ತೆಗದೆ. ಒಳಗ ತೆಳ್ಳನ ತಗಡು, ಅದರ ತುಂಬ ಕರ್ರಗ ಮಸಿ. ಇದೇ ಮದ್ದು ಅಂದ್ಕೊಂಡೆ. ಕಣ್ಣು ಮುಚ್ಚಿ ಕೊಡದ ನೀರು ಸುರುವಿದೆ. ಸಿಡೀಲಿಲ್ಲ. ಹುಣಸಿಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕಿದೆ. ಅರ್ಧ ತಿಕ್ಕಿ ಬಿಟ್ರ ಅದೇನು ತೊಳದಂಗ? ಫಳಫಳ ಹೊಳಿಯೋತನಕ ತಿಕ್ಕಿ, ಒರಸಿ, ಮೊದಲಿನಂಗ ಇಟ್ಟು ಗೂಟಕ್ಕ ಹಾಕಿದೆ. ಅವತ್ತು ಹೊಟ್ಟಿ ತುಂಬ ಉಂಡೆ.

ಮರುದಿನ ಮುಂಜಾನೆ ಸಾಹೇಬರು ಬಂದ್ರು, ಜೋಡಿ ಒಬ್ಬ ಪೊಲೀಸ್ ಅಮೀನ. ಸಾಹೇಬರು ಕನ್ನಡಕದ ಬಡಕ ಮನಷ್ಯಾ. ಡಬ್ಬಿ ತೆಗದವರೇ ನೆಲಕ್ಕ ಕುಂತುಬಿಟ್ರು. ವಿಮಾನ ಏರದಷ್ಟು ಎತ್ತರಕ್ಕ ಬಲೂನು ಅದನ್ನ ಒಯ್ದಿತ್ತಂತ. ಅಲ್ಲಿ ಥಂಡಿ ಎಷ್ಟು, ಗಾಳಿ ಎಷ್ಟು ತೆಳುವು ಅನ್ನೋದನ್ನ ಒಂದು ಮುಳ್ಳು ಆ ಮಸಿ ಮ್ಯಾಲೆ ಗೀರಿ ಬರೀತಿತ್ತಂತ. ವಿಮಾನ ನಡಸೋರಿಗೆ ಆ ಲೆಕ್ಕ ಬೇಕಂತ. ಅದನ್ನ ಓದಾಕ ಅವರು ಅಷ್ಟು ದೂರ ಬಂದಿದ್ರು. ಮಾಸ್ತರರು ಇದನ್ನೆಲ್ಲಾ ಕನ್ನಡದಾಗ ಬಿಡಿಸಿ ಹೇಳಾಕತ್ತಿದ್ರ ನಾ ಕೈ ಸೆರಗಿನಾಗ ಮುಚ್ಕೊಂಡೆ.

"ಕೌನ್ ಧೋಯಾ ರೇ?" ಅಮೀನ ಬೆತ್ತ ಎತ್ತಿದ. "ಯಾವನಲೇ ಇದನ್ನ ತೊಳದಾಂವ?"

ನಾ ಬಾಗಿಲ ಹಿಂದ ನಿಂತಿದ್ದೆ. ಹೇಳಬೇಕಂತ ಬಾಯಿ ತೆರದೆ, ದನಿ ಬರಲಿಲ್ಲ. ಮಾವ ಒಮ್ಮೆ ಹೊಳ್ಳಿ ನನ್ನ ಕಡೆ ನೋಡಿದ್ರು.

"ನಾನ ರೀ ಸರಕಾರ," ಅಂದ್ರು. "ಹೊಲಸಾಗಿತ್ತು, ತೊಳದೆ."

"ತಿಳೀದೆ ಮಾಡ್ಯಾನ, ಬಿಡ್ರಿ" ಅಂತ ಸಾಹೇಬರು ಅಂದ್ರೂ ಅಮೀನ ಕೇಳಲಿಲ್ಲ. ಬಿಲ್ಲೆ ಕಿತ್ಕೊಂಡ, ಕೈ ಕಟ್ಟಿ ಲಿಂಗಸೂಗೂರಿಗೆ ನಡಿಸ್ಕೊಂಡು ಹೋದ. "ಈ ವಯಸ್ಸಿನಾಗ ಯಾಕ ಬಂತೋ ಇವಗ ಈ ಬುದ್ಧಿ!" ಅಂತ ಅತ್ತಿ ಎದಿ ಬಡಕೊಂಡು ಅತ್ಲು. ನಾ ಆಗಲೂ ಬಾಯಿ ಬಿಡಲಿಲ್ಲ. ಸಂಜೀಕ ಗಂಡ ಬಂದ, ಅವಗೂ ಹೇಳಲಿಲ್ಲ. ಹೇಳಿದ್ರ ತವರಿಗೆ ಅಟ್ತಾರ ಅಂತ ಅಂಜಿಕಿ, ಹೇಳದಿದ್ರ ಮಾವನ್ನ ಬಡದು ಕೊಲ್ತಾರ ಅಂತ ಅಂಜಿಕಿ. ಥೂ, ನನ್ನ ಬಾಯಾಗ ಮಣ್ಣು ಬೀಳ್ಲಿ!

ಮೂರನೇ ದಿನ ಮಾವ ಬಂದ್ರು. ತುಟಿ ಒಡದಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ತಳವಾರಕಿ ಬ್ಯಾರೇದವರ ಪಾಲಾಗಿತ್ತು. ಕಾಲಿಗೆ ನೀರಿನ ತಂಬಿಗಿ ಕೊಟ್ಟು ಅಲ್ಲೇ ಅವರ ಪಾದದ ಮ್ಯಾಲೆ ಬಿದ್ದೆ.

"ಮಾವಾ, ನಾನ ರೀ ತೊಳದಾಕಿ. ಬಾಂಬ್ ಅಂದ್ಕೊಂಡು ತೊಳದೆ."

"ಗೊತ್ತಿತ್ತು ಬೇ. ಅಷ್ಟು ಬೆಳ್ಳಗ ತಿಕ್ಕೋರು ಈ ಮನ್ಯಾಗ ಬ್ಯಾರೆ ಯಾರದಾರ?"

ಹಂಗಂದವರು ಬಗ್ಗಿ ನನ್ನ ಮಾರಿ ನೋಡಿದ್ರು. ನನ್ನ ಮಾತು ಅವರಿಗೆ ಪೂರಾ ತಿಳದದ್ದು ಆಗಲೇ ಅಂತ ಕಾಣಸ್ತೈತಿ.

"ಬಾಂಬ್ ಅಂದ್ಕೊಂಡೇ ತೆಗದ್ಯಾ? ಮನ್ಯಾಗಿನವರನ್ನ ಹೊರಗ ಕಳಿಸಿ, ಒಬ್ಬಾಕಿನೇ ಕುಂತು? ಸಿಡದಿದ್ರ?"

ಅವರು ತಂಬಿಗಿ ನೆಲಕ್ಕ ಇಟ್ರು. ಮೂರು ದಿನ ಬೆತ್ತದ ಏಟು ತಿಂದು ಬಂದ ಮನಷ್ಯಾ ಅಂಗಳದಾಗ ಕುಂತು ಅತ್ತುಬಿಟ್ರು. ಅತ್ತಿ ಹೊಸ್ತಿಲದಾಗ ನಿಂತು ಎಲ್ಲಾ ಕೇಳಿಸ್ಕೊಂಡಿದ್ಲು. ಈಗ ಬಯ್ತಾಳ, ಈಗ ಹೊಡೀತಾಳ ಅಂತ ನಾ ತಲಿ ಬಗ್ಗಿಸಿದೆ. ಆಕಿ ಬಂದು ನನ್ನ ಮುಂದ ಕುಂತ್ಲು. ನನ್ನ ಎರಡೂ ಕೈ ಹಿಡದು, ಬೆರಳು ಎಲ್ಲಾ ಅದಾವೋ ಇಲ್ಲೋ ಅಂತ ಒಂದೊಂದೇ ಮುಟ್ಟಿ ನೋಡಿದ್ಲು.