ಸೀರಿಯಲ್ ಅತ್ತೆಗೆ ಯಾವ ಜಾಹೀರಾತು

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಕಾರ್ತಿಕ ಸೋಮವಾರ ಸಂಜೆ ನನ್ನ ಸೊಸೆ ಕೊಟ್ಟಿಗೆ ಪಕ್ಕದ ತೆಂಗಿನ ಮರದ ತುದಿಯಲ್ಲಿ ಸಿಕ್ಕಿಹಾಕಿಕೊಂಡಳು.

ಅವಳು ತರಬೇತಿಗೆ ಹೋಗಿ ಮರ ಹತ್ತುವುದನ್ನು ಕಲಿತವಳು. ಯಂತ್ರ ಕಟ್ಟಿಕೊಂಡು ಹತ್ತುವುದು. ಎರಡು ಕಾಲಿಗೆ ಎರಡು ಕಬ್ಬಿಣದ ತುಂಡು, ಒಂದೊಂದಕ್ಕೂ ಮರ ಸುತ್ತುವ ಉಕ್ಕಿನ ಹಗ್ಗ. ಕಾಲು ಜಾರಿದರೂ ಬೀಳದಂತೆ ಸೊಂಟವನ್ನು ಮರಕ್ಕೆ ಸೇರಿಸಿ ಹಿಡಿಯುವ ಒಂದು ಬೆಲ್ಟೂ ಇತ್ತು. ಊರಿನವರು ಮೊದಮೊದಲು ನಕ್ಕರು. ಆಮೇಲೆ ಅವರೇ ಬಂದು ನಮ್ಮ ತೋಟಕ್ಕೂ ಬಾರಮ್ಮ ಎಂದು ಕರೆದರು.

ಆವತ್ತು ಬೆಳಿಗ್ಗೆ ಆ ಮರದಿಂದ ಕಾಯಿ ಉದುರಿ ಕೊಟ್ಟಿಗೆಯ ಶೀಟು ಒಡೆದು, ಕರುವಿನ ತಲೆಯ ಪಕ್ಕದಲ್ಲೇ ಬಿತ್ತು. ಮಗ ಹೊಸ ಶೀಟು ತರಲು ತಿಪಟೂರಿಗೆ ಹೋದ. ಅವನು ಬರುವಷ್ಟರಲ್ಲಿ ಉಳಿದ ಗೊನೆಗಳನ್ನು ಇಳಿಸಿಬಿಡುತ್ತೇನೆ ಎಂದು ಇವಳು ಹೊರಟಳು. ಸೋಮವಾರ ನಮ್ಮಲ್ಲಿ ಒಪ್ಪತ್ತು. ಸಂಜೆ ಪೂಜೆ ಆದ ಮೇಲೆ ಒಂದೇ ಊಟ. ಬೆಳಿಗ್ಗೆ ಕುಡಿದ ಕಾಫಿ ಬಿಟ್ಟರೆ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಬೆಲ್ಟು?" ಎಂದೆ.

"ಒಂದು ಮರಕ್ಕೆ ಯಾತಕ್ಕೆ, ಬುಡಿ ಅತ್ತೆಮ್ಮ. ಸೀರಿಯಲ್ ಹೊತ್ತಿಗೆ ಇಳ್ದು ಬತ್ತೀನಿ."

ಆ ಸೀರಿಯಲ್ ವಿಷಯ ಹೇಳಬೇಕು. ಸಂಜೆ ನಾವಿಬ್ಬರೂ ಕೂತು ನೋಡುವುದು. ನನಗೆ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಜಾಹೀರಾತಿನಲ್ಲಿ ಸಾಮಾನಿನ ಹೆಸರು ಅರ್ಧ ಕೂಡಿಸುವಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತದೆ. ಹಾಗಾಗಿ ನಾನು ಮುಖ ನೋಡುತ್ತೇನೆ. ಒಂದು ಸಂಜೆ ಸೀರಿಯಲ್ಲಿನ ಒಳ್ಳೆಯ ಸೊಸೆ ವಿಷ ಕುಡಿದು ಆಸ್ಪತ್ರೆ ಮಂಚದ ಮೇಲೆ ಬಿದ್ದಿದ್ದಳು. ಬ್ರೇಕ್ ಬಂತು. ಅವಳೇ ಎದ್ದು ಬಂದು ಪಾತ್ರೆ ತೊಳೆಯುವ ಸೋಪು ಹಿಡಿದು ನಗುತ್ತಿದ್ದಾಳೆ.

"ಸಾಯೋಳು ಪಾತ್ರೆ ಬೆಳಗ್ತಾವ್ಳಲ್ಲೇ!" ಎಂದೆ.

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಬ್ರೇಕ್ ಬಂದಾಗಲೆಲ್ಲ ನಮಗೆ ಅದೇ ಆಟ. ಸೀರಿಯಲ್ಲಿನ ಯಾರಿಗೆ ಯಾವ ಜಾಹೀರಾತು ಕೊಡಬೇಕು? ಎಲ್ಲ ಮುಗಿದ ಮೇಲೆ ಬರುವ ಇನ್ಸ್‌ಪೆಕ್ಟರಿಗೆ ಬೈಕಿನದು ಕೊಡಿ, ಇನ್ನಾದರೂ ಬೇಗ ಬರಲಿ. ಬಾಗಿಲ ಸಂದಿಯಲ್ಲಿ ಕದ್ದು ಕೇಳುವ ಓರಗಿತ್ತಿಗೆ ಬಾಗಿಲ ಬಣ್ಣದ್ದು. ಸೀರಿಯಲ್ ಅತ್ತೆಯ ವಿಷಯದಲ್ಲಿ ಮಾತ್ರ ನಮಗೆ ಹೊಂದಲಿಲ್ಲ. ಅವಳು ಇಲಿ ಪಾಷಾಣ ಎನ್ನುವಳು, ನಾನು ಬೀಗ ಎನ್ನುವೆ. ಆ ಜಗಳ ಇನ್ನೂ ಮುಗಿದಿರಲಿಲ್ಲ.

ಆವತ್ತು ಅವಳು ಮರ ಹತ್ತಿದ ಮೇಲೆ ಎರಡು ಗೊನೆ ಬಿದ್ದವು. ಮೂರನೆಯದಕ್ಕೆ ಕಾಯುತ್ತಿದ್ದೆ, ಮಚ್ಚು ಬಿತ್ತು. ಬೈಯಲು ತಲೆ ಎತ್ತಿದೆ. ಅವಳ ಎಡಗಾಲು ಯಂತ್ರದಿಂದ ಜಾರಿತ್ತು. ಆ ತುಂಡು ಅಡ್ಡ ತಿರುಗಿ ಬಲಗಾಲಿನದರ ಮೇಲೆ ಕಚ್ಚಿಕೊಂಡು, ಎರಡೂ ಅಲ್ಲಾಡುತ್ತಿರಲಿಲ್ಲ. ಅವಳು ಒಂದು ಗರಿಯ ಮಟ್ಟೆಯ ಬುಡವನ್ನು ತಬ್ಬಿ ನೇತಾಡುತ್ತಿದ್ದಳು.

"ಅತ್ತೆಮ್ಮ, ಕಣ್ಣು ಕತ್ಲೆ ಬತ್ತೈತೆ."

ನನ್ನ ಕೂಗಿಗೆ ಪಕ್ಕದ ತೋಟದವನು ಓಡಿ ಬಂದ. ಫೈರ್ ಎಂಜಿನ್ನಿನವರ ದೊಡ್ಡ ಏಣಿಯ ಗಾಡಿ ನಮ್ಮ ತೋಟದ ಓಣಿಗೆ ನುಗ್ಗುವುದಿಲ್ಲ. ಕಂದಿಕೆರೆ ಕಡೆ ಒಬ್ಬ ಮುದುಕ ಇದ್ದಾನೆ, ಕಾಲಿಗೆ ಹಗ್ಗ ಹಾಕಿಕೊಂಡು ಹಳೆಯ ಕಾಲದ ಹಾಗೆ ಹತ್ತುವವನು. ಅವನನ್ನೇ ಕರೆತರುತ್ತೇನೆ ಎಂದು ಬೈಕ್ ಹತ್ತಿದ.

"ಅಜ್ಜಿ, ಮಾತಾಡಿಸ್ತಾನೇ ಇರಿ. ತಲೆ ತಿರುಗಿ ಕೈ ಬುಟ್ಟಾಳು."

ಅವನು ಹೋದ ಮೇಲೆ ನಾವಿಬ್ಬರೇ. ಅವಳು ಮೇಲೆ, ನಾನು ಕೆಳಗೆ.

"ತಲೆ ಟವೆಲ್ ಬಿಚ್ಚೇ. ಮುಂಗೈನ ಮಟ್ಟೆಗೆ ಸೇರ್ಸಿ ಕಟ್ಟು. ಗಂಟಿಗೆ ಹಲ್ಲು ಹಾಕು."

ಕಟ್ಟಿದಳು. ನಾನು ಮೆದೆಯಿಂದ ರಾಗಿ ಹುಲ್ಲು ಎಳೆದೆಳೆದು ಮರದ ಬುಡಕ್ಕೆ ಒಟ್ಟಿದೆ. ಅಷ್ಟು ಎತ್ತರದಿಂದ ಬಿದ್ದರೆ ಹುಲ್ಲು ಏನೂ ಮಾಡದು ಎಂದು ನನಗೆ ಗೊತ್ತಿತ್ತು. ಆದರೂ ಒಟ್ಟಿದೆ.

"ಹೆದರಬೇಡ ಕಣೇ, ಏನೂ ಆಗಲ್ಲ," ಎಂದೆ. ಹಾಗೆ ಹೇಳಿದ್ದೇ ಕೆಟ್ಟದ್ದಾಯಿತು. ಅವಳು ಅಳಲು ಶುರು ಮಾಡಿದಳು. ಬಿಕ್ಕಿದಂತೆಲ್ಲ ಮೈ ಅಲ್ಲಾಡಿ, ಕಾಲಿನ ಕಬ್ಬಿಣ ಮರಕ್ಕೆ ಉಜ್ಜಿ ಕಿರುಗುಟ್ಟಿತು. ಸಮಾಧಾನ ಹೇಳಿದರೆ ಇವಳು ಉಳಿಯುವುದಿಲ್ಲ ಎಂದು ತಿಳಿಯಿತು.

"ಲೇ, ಇಲಿ ಪಾಷಾಣ ಅಂದ್ಯಲ್ಲ, ತಪ್ಪು ಕಣೇ!" ಎಂದು ಕೂಗಿದೆ.

ಅವಳು ಬಿಕ್ಕುತ್ತಲೇ ಇದ್ದಳು.

"ಬೀಗಾನೇ ಸರಿ. ಅವಳ ಮೂತಿ ನೋಡಿದ್ರೆ ಕಳ್ಳ ವಾಪಸ್ ಹೋಯ್ತಾನೆ."

"ಪಾಷಾಣ," ಎಂದಳು ಮೇಲಿನಿಂದ.

"ಯಾಕಂತೆ?"

"ನಗ್ತಾ ನಗ್ತಾ... ಅನ್ನಕ್ಕೆ ಕಲ್ಸೋಳು ಅವಳೇ ಅಲ್ವಾ."

ಅಳು ನಿಂತಿತು. ನಾನು ಬಿಡಲಿಲ್ಲ. ಜ್ಞಾಪಕ ಹೋದ ಗಂಡನಿಗೆ ಏನು ಕೊಡೋಣ? ಬಾದಾಮಿ ಪುಡಿ. ತಿಂಗಳುಗಟ್ಟಲೆ ಅದೇ ಸೀರೆ ಉಡುವ ಅತ್ತಿಗೆಗೆ? ಬಟ್ಟೆ ಸೋಪು. 'ಇನ್ನು ನಮ್ಮ ಕೈಲಿಲ್ಲ' ಎನ್ನುವ ಡಾಕ್ಟರಿಗೆ? ಕೇಳಿದ ಮೇಲೆ, ಈ ಹೊತ್ತಿನಲ್ಲಿ ಇದನ್ನು ಕೇಳಬಾರದಿತ್ತು ಅನ್ನಿಸಿತು.

"ಕೈ ತೊಳೆಯೋ ಸೋಪು," ಎಂದಳು.

ಗಾಳಿಗೆ ಸೋಗೆ ಸರಸರ ಎನ್ನುತ್ತಿತ್ತು. ಬೈಕಿನ ಸದ್ದಿಲ್ಲ. ಅವಳ ತಲೆ ಮಟ್ಟೆಯ ಮೇಲೆ ವಾಲಿತು. ಹೆಸರು ಹಿಡಿದು ಕರೆದೆ, ಇಲ್ಲ. ಕಲ್ಲು ಹೊಡೆದೆ, ಅರ್ಧ ಮರಕ್ಕೂ ಹೋಗಲಿಲ್ಲ.

ಇವಳಿಗೆ ಸಿಟ್ಟು ಬರಿಸಬೇಕು ಎಂದುಕೊಂಡೆ.

"ಏನಂದ್ರೂ ಆ ಅತ್ತೆ ಮಾಡಿದ್ದೇ ಸರಿ! ಅದೂ ಒಂದು ಸೊಸೆಯಾ? ಅಳುಮುಂಜಿ! ನಾನಾಗಿದ್ರೆ ಮದುವೆ ಮಾರನೇ ದಿನವೇ ತೌರಿಗೆ ಅಟ್ತಿದ್ದೆ!"

ತಲೆ ಎದ್ದಿತು.

"ನೀವು ಅಟ್ಟೋರೇ ಬುಡಿ."

"ನಿನ್ನ ಅಟ್ಟಿದ್ರೆ ಮರ ಯಾರೇ ಹತ್ತೋರು?"

"ಇಳಿಯೋರು ಯಾರು, ಅದು ಕೇಳಿ."

"ಬಾಯಿಗೇನೂ ಕಮ್ಮಿ ಇಲ್ಲ. ಸರಿ, ನಂಗೆ ಯಾವ ಜಾಹೀರಾತು ಕೊಡ್ತೀಯ, ಹೇಳು."

ಸ್ವಲ್ಪ ಹೊತ್ತು ಯೋಚಿಸಿದಳು. ಯೋಚಿಸುತ್ತಿದ್ದಾಳೆ ಎನ್ನುವುದೇ ನನಗೆ ಬೇಕಾಗಿತ್ತು.

"ಹಲ್ಲುಪುಡಿ."

"ನಂಗೆ ಹಲ್ಲೆಲ್ಲೈತೇ?"

"ಇಲ್ದಿದ್ರೂ ಕಚ್ತೀರಲ್ಲ."

ನಾನು ನಗಲಿಲ್ಲ. ಅವಳ ಮುಂಗೈಯ ಟವೆಲ್ ಸಡಿಲವಾಗುತ್ತಿತ್ತು, ಅದನ್ನೇ ನೋಡುತ್ತಿದ್ದೆ. "ಗಂಟು ನೋಡೇ, ಗಂಟು!" ಎಂದು ಕಿರುಚಿದೆ. ಅವಳು ಬಾಯಿ ಹಾಕಿ ಎಳೆದಳು. ಒಂದು ತುದಿ ಹಲ್ಲಿನಲ್ಲೇ ಉಳಿಯಿತು. ಇನ್ನು ಮಾತಾಡಿಸುವ ಹಾಗಿಲ್ಲ, ಬಾಯಿ ಬಿಟ್ಟರೆ ಗಂಟು ಹೋಗುತ್ತದೆ. ಆದ್ದರಿಂದ ನಾನೇ ಕೂಗಿ ಹೇಳುತ್ತಾ ಹೋದೆ, ಅವಳು ತಲೆ ಆಡಿಸಿದಳು. ಸೀರಿಯಲ್ ಅತ್ತೆಗೆ ಬೀಗವಾ? ಇಲ್ಲ. ಸೊಳ್ಳೆ ಬತ್ತಿಯಾ? ಇಲ್ಲ. ಖಾರದ ಪುಡಿಯಾ? ಇಲ್ಲ. ಪಾಷಾಣವಾ? ಹೂಂ.

ಆಗ ಬೈಕ್ ಬಂತು. ಮುದುಕ ಕಾಲಿಗೆ ಹಗ್ಗ ಹಾಕಿಕೊಂಡು, ಹೆಗಲಿಗೆ ಇನ್ನೊಂದು ಹಗ್ಗದ ಸುರುಳಿ ಏರಿಸಿಕೊಂಡು ಹತ್ತಿದ. ಯಂತ್ರ ದಾರಿಗೆ ಅಡ್ಡವಾಗಿತ್ತು. ಅದರ ಕೆಳಗೇ ನಿಂತು, ಒಂದು ಕೈಯಲ್ಲಿ ಮರ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಕಂಕುಳಿಗೆ ಹಗ್ಗ ಬಿಗಿದ. ಇನ್ನೊಂದು ತುದಿಯನ್ನು ಮಟ್ಟೆಗಳ ಬುಡದ ಮೇಲಿಂದ ಕೆಳಗೆ ಎಸೆದ. ಪಕ್ಕದ ತೋಟದವನು ಅದನ್ನು ಸೊಂಟಕ್ಕೆ ಸುತ್ತಿ ಹಿಡಿದುಕೊಂಡ. ಮೇಲೆ ಮುದುಕ ಅವಳ ಮುಂಗೈಯ ಗಂಟನ್ನೂ ಕಾಲಿನ ಪಟ್ಟಿಯನ್ನೂ ಬಿಚ್ಚಿದ್ದೇ ಅವಳು ಒಮ್ಮೆ ಧಡಕ್ ಎಂದು ಜಾರಿದಳು. ಹಗ್ಗ ಬಿಗಿಯಿತು. ನಾನು ಕಣ್ಣು ಮುಚ್ಚಲಿಲ್ಲ. ಇಂಚಿಂಚಾಗಿ ಇಳಿಸಿದರು.

ಹುಲ್ಲಿನ ಮೇಲೆ ಮಲಗಿಸಿದಾಗ ಟವೆಲ್ ಇನ್ನೂ ಹಲ್ಲಿನಲ್ಲೇ ಇತ್ತು. ಎಳೆದು ತೆಗೆದು ಬಾಯಿಗೆ ಬೆಲ್ಲದ ತುಂಡು ಇಟ್ಟೆ.

"ಪೂಜೆ ಆಗಿಲ್ಲ, ಅತ್ತೆಮ್ಮ."

"ಶಿವಂಗೆ ನಾನು ಹೇಳ್ಕತೀನಿ, ನುಂಗು."

ನುಂಗಿದಳು. ಮುಂಗೈ ಊದಿತ್ತು, ಪಾದದ ಮೇಲೆ ಚರ್ಮ ಕಿತ್ತಿತ್ತು. ನೀರು ಕುಡಿದು, ಸೀರಿಯಲ್ ಶುರುವಾಯ್ತಾ ಎಂದು ಕೇಳಿದಳು. ಮಗ ಶೀಟು ಹೊತ್ತುಕೊಂಡು ಬಂದವನು ಇಬ್ಬರಿಗೂ ಸೇರಿಸಿ ಬೈದ.

ಮಾರನೆಯ ಬೆಳಿಗ್ಗೆ ಎದ್ದವಳೇ ಕೊಟ್ಟಿಗೆಗೆ ಹೋದೆ. ಬೆಲ್ಟು ಮೊಳೆಯಲ್ಲೇ ನೇತಾಡುತ್ತಿತ್ತು. ಮುದುಕ ಇಳಿಸಿಕೊಟ್ಟ ಯಂತ್ರ ಗೋಡೆಗೆ ಒರಗಿತ್ತು. ಯಂತ್ರ ಎತ್ತಿದರೆ ಬೆಲ್ಟೂ ಜೊತೆಗೇ ಬರುವ ಹಾಗೆ, ಎರಡನ್ನೂ ತೆಂಗಿನ ನಾರಿನ ಹುರಿಯಿಂದ ಸೇರಿಸಿ ಕಟ್ಟಿದೆ. ಗಂಟಿಗೆ ನೀರು ಚಿಮುಕಿಸಿ, ಕಾಲು ಕೊಟ್ಟು ಬಿಗಿದೆ.