ಮಾತು ಕೇಳದ ನಾಯಿ

ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಸುಮ್ಮನಾಗಿಸುವವಳು ನಾನು. ಆ ಜಂಬ ಇಳಿಸಿದ್ದು ಒಂದು ಮುಧೋಳ ನಾಯಿ.

ರಾಯಬಾಗದ ಹತ್ತಿರ ನಮ್ಮ ತೋಟದ ಮನೆ. ಕಾವಲಿಗಿರಲಿ ಎಂದು ಮಂಗಸೂಳಿ ಕಡೆಯ ಕುರಿಗಾರನೊಬ್ಬನಿಂದ ಎರಡು ವರ್ಷದ ಆ ನಾಯಿಯನ್ನು ತಂದಿದ್ದೆ. ಉದ್ದ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ, ಸದಾ ದೂರದಲ್ಲೇ ನೆಟ್ಟ ಕಣ್ಣು. ಓಡುವುದನ್ನು ಕಂಡರೆ ಬೆನ್ನಟ್ಟುವ ತಳಿ. ನಮ್ಮದೋ ಜೈನರ ಮನೆ. ಕತ್ತಲಾದ ಮೇಲೆ ತುತ್ತು ಮುಟ್ಟದ ಅತ್ತೆ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಮಾತು ಹೇಳಿದರು: “ಇದು ಒಂದ್ ಮೊಲಾ ಹಿಡದ್ರೂ, ಬಂದ ಹಾದೀಲೆ ಹೊಳ್ಳಿ ಕಳಸೂದ ನೋಡು.”

ಹಾಗಾಗಿ ಕರೆದರೆ ಬರುವುದನ್ನು ಮೊದಲು ಕಲಿಸಬೇಕಿತ್ತು. ಮೊಬೈಲಿನಲ್ಲಿ ವಿಡಿಯೊ ನೋಡಿ ‘ಕಮ್’ ಎಂದೆ. ‘ಬಾ’ ಎಂದೆ, ‘ಬಾರಪ್ಪಾ’ ಎಂದೆ, ಬಿಸ್ಕತ್ತು ಆಡಿಸಿದೆ. ಅದು ನನ್ನನ್ನು ದಾಟಿ ಕಬ್ಬಿನ ಹೊಲ ನೋಡುತ್ತ ನಿಂತಿರುತ್ತಿತ್ತು. ಅರ್ಥವಾಗುತ್ತಿಲ್ಲವೋ, ಅರ್ಥವಾಗಿಯೂ ಬೇಡವೋ? ಪಾಠ ಬಿಟ್ಟು ಅದರ ಕಿವಿಗಳನ್ನೇ ಗಮನಿಸುತ್ತ ಕೂರುವುದು ನನಗೊಂದು ಚಟವಾಯಿತು.

ಇನ್ನೂ ವಿಚಿತ್ರವೆಂದರೆ, ಬೇಡ ಎಂದಾಗ ಬರುತ್ತಿತ್ತು. ಅಡುಗೆಮನೆಯ ಹೊಸ್ತಿಲ ಬಳಿ ಕಂಡು ‘ಏ!’ ಎಂದು ಗದರಿದರೆ ಒಳಗೇ ಕಾಲಿಡುತ್ತಿತ್ತು. ಮತ್ತೂ ಜೋರಾಗಿ ‘ಏ!’ ಎಂದರೆ ನನ್ನ ಸೀರೆಗೆ ಮೂತಿ ತಾಗಿಸಿ ನಿಲ್ಲುತ್ತಿತ್ತು. ಇಂಥ ಮೊಂಡು ಪ್ರಾಣಿಯನ್ನು ನಾನು ಕಂಡಿರಲಿಲ್ಲ. ತಲೆಕೆಟ್ಟು ಎರಡು ಸಲ ಕಸಬರಿಗೆಯಿಂದ ಹೊಡೆದೆ.

ತಿಂಗಳಾಗಿರಬೇಕು. ಕಬ್ಬು ಕಡಿಯುವ ದಿನ ಕೊನೆಯ ಸಾಲಿನಿಂದ ಮೊಲವೊಂದು ಹಾರಿತು, ಅದರ ಹಿಂದೆಯೇ ನಾಯಿ. ಬದುವಿನ ಮೇಲೆ ಅತ್ತೆ ನಿಂತಿದ್ದರು. ‘ಬಾ, ಬಾ’ ಎಂದು ಕೂಗಿದೆ, ಕೇಳಿಸಿದಂತೆಯೇ ಕಾಣಲಿಲ್ಲ. ಇನ್ನು ಇದರ ಋಣ ತೀರಿತು ಅನ್ನಿಸಿತು. ಸಿಟ್ಟಿಗೆ ಬಾಯಿಂದ ‘ಏ!’ ಹೊರಟಿತು. ನಾಯಿ ತಟ್ಟನೆ ತಿರುಗಿ ಓಡಿಬಂದು ನನ್ನ ಮುಂದೆ ಏದುಸಿರು ಬಿಡುತ್ತ ನಿಂತಿತು. ಮೊಲ ಪಕ್ಕದ ಹೊಲ ಸೇರಿಕೊಂಡಿತು.

ಕುರಿಗಾರನಿಗೆ ಫೋನ್ ಮಾಡಿ ಇದೇನೆಂದು ಕೇಳಿದೆ. ಅವನಿಗೆ ನನ್ನ ಬೆರಗೇ ಅರ್ಥವಾಗಲಿಲ್ಲ. “ನಮ್ಮ ಮನಿ ಮಾತು ಮರಾಠಿ ಅಲ್ಲೇನ್ರಿ ಬಾಯಾರ. ಅದನ್ನ ‘ಯೇ’ ಅಂತ ಕರೀತೇವ್ರಿ.”

ಯೇ ಎಂದರೆ ಬಾ. ವಾರವಾರ ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುವ ನನಗೆ ಅದು ಹೊಳೆದಿರಲಿಲ್ಲ. ನಾಯಿಗೂ ಒಂದು ಮನೆಮಾತು ಇರುತ್ತದೆಂದು ಯಾರು ಎಣಿಸುತ್ತಾರೆ? ಅತ್ತೆಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು, ಇರಲಿ ಬಿಡು ಇಲ್ಲೇ ಎಂದರು.

ನನಗೆ ನಗು ಬರಲಿಲ್ಲ. ಒಂದು ತಿಂಗಳು ನಾನು ಕರೆದಾಗಲೆಲ್ಲ ಅದು ಬಂದಿತ್ತು. ಬಂದದ್ದಕ್ಕೇ ಹೊಡೆದಿದ್ದೆ. ಹೊಡೆದ ಮೇಲೂ ಬಂದಿತ್ತು.